ಮುಲುಂಡಿನ ಒಂದು ತೊಟ್ಟಿ, ಎರಡು ಕ್ಲೌನ್ ಮೀನು: ಭಯ ಹೋಯಿತು ಅಂದುಕೊಂಡ ಪ್ರಕರಣ

2023ರ ಏಪ್ರಿಲ್ ಕೊನೆಯ ವಾರ, ಮುಂಬಯಿಯ ಮುಲುಂಡ್. ರಾತ್ರಿ ಒಂಬತ್ತೂವರೆಗೆ ನಮ್ಮ ಮನೆ ಬೆಲ್ ಆಯಿತು. ಬಾಗಿಲಲ್ಲಿ ಮೂರನೇ ಮಹಡಿಯ ಹುಡುಗಿ ನಿಂತಿದ್ದಳು, ಕೈಯಲ್ಲಿ ಒಂದು ಉದ್ದ ನೋಟ್‌ಬುಕ್. "ಸರ್, ನಮ್ಮ ಮನೆ ಮೀನಿಗೆ ಭಯಾನೇ ಹೋಗಿದೆ" ಅಂದಳು.

ಅವಳದು ಕುಂದಾಪುರ ಕಡೆಯ ಮನೆತನ. ಅಜ್ಜನ ಕಾಲದಲ್ಲೇ ಮುಂಬಯಿಗೆ ಬಂದವರು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಎಂಟನೇ ತರಗತಿಯ ತಮ್ಮ. ಹಾಲ್‌ನಲ್ಲಿ ನಾಲ್ಕು ಅಡಿ ಉದ್ದದ ಉಪ್ಪುನೀರಿನ ತೊಟ್ಟಿ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟಿಯವು. ಸಮುದ್ರದಿಂದ ಹಿಡಿದು ತಂದವಲ್ಲ, ಹ್ಯಾಚರಿಯಲ್ಲೇ ಹುಟ್ಟಿದವು. ಹವಳ ಇಲ್ಲ. ಗಟ್ಟಿ ಹವಳಗಳಿಗೆ ನಮ್ಮಲ್ಲಿ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದೆ ಅಂತ ಆ ಹುಡುಗಿಯೇ ಅಪ್ಪನಿಗೆ ಹೇಳಿ ಬೇಡ ಅನ್ನಿಸಿದ್ದಳು. ಹವಳದ ಬದಲು ಊರಿಂದ ತಂದ ಒಂದು ಮಣ್ಣಿನ ಮಡಕೆ, ಬಾಯಿ ಸ್ವಲ್ಪ ಒಡೆದದ್ದು, ತಳದಲ್ಲಿ ಅಡ್ಡ ಮಲಗಿಸಿದ್ದರು. ಎರಡೂ ಮೀನು ಅದನ್ನೇ ಮನೆ ಮಾಡಿಕೊಂಡಿದ್ದವು.

ನಾನು ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು. ಮೀನಿನ ವಿಷಯದಲ್ಲಿ ಪಂಡಿತನಲ್ಲ. ಆದರೆ ಮುಂದಿನ ಎರಡು ತಿಂಗಳು ಆ ತೊಟ್ಟಿಯ ಮುಂದೆ ಕೂತು ನಾವು ಕಲಿತದ್ದನ್ನು ಬರೆದಿಡಬೇಕು ಅನ್ನಿಸಿದೆ. ನಮ್ಮ ತೊಟ್ಟಿಯಲ್ಲಿ ನಡೆದದ್ದೇ ದೊಡ್ಡ ಅಳತೆಯಲ್ಲಿ ಸಮುದ್ರ ವಿಜ್ಞಾನದಲ್ಲೂ ನಡೆದಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು.

ಮನೆಯ ಗಾಳಿ, ತೊಟ್ಟಿಯ ನೀರು

ಮೊದಲು ನೀರಿನ ವಿಷಯ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ನೀರಿಗೆ ಇಳಿದರೆ ಕಾರ್ಬಾನಿಕ್ ಆಮ್ಲ ಆಗುತ್ತದೆ. ಸೋಡಾ ಬಾಟಲಿಯಲ್ಲಿ ಇರುವುದೂ ಅದೇ. ಕೈಗಾರಿಕೆಗಳು ಶುರುವಾಗುವ ಮೊದಲು ಗಾಳಿಯಲ್ಲಿ ಈ ಅನಿಲ ಸುಮಾರು 280 ಪಿಪಿಎಂ ಇತ್ತು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು. ಈಗ 420 ದಾಟಿದೆ. ನಾವು ಬಿಟ್ಟದ್ದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗವನ್ನು ಸಮುದ್ರ ನುಂಗಿಕೊಂಡಿದೆ. ಅದರಿಂದ ಸಮುದ್ರದ ಮೇಲ್ಪದರದ ಪಿಎಚ್ (ಹುಳಿ-ಕ್ಷಾರದ ಅಳತೆ; 7ರ ಕೆಳಗೆ ಹುಳಿ, ಮೇಲೆ ಕ್ಷಾರ) ಸುಮಾರು 8.2 ಇದ್ದದ್ದು 8.1ಕ್ಕೆ ಇಳಿದಿದೆ. ನೋಡೋಕೆ ಚಿಕ್ಕ ಅಂಕಿ, ಅಲ್ವಾ? ಆದರೆ ಪಿಎಚ್ ಲೆಕ್ಕ ಸಾಮಾನ್ಯ ಅಳತೆಪಟ್ಟಿಯ ಲೆಕ್ಕ ಅಲ್ಲ. 0.1 ಇಳಿದರೆ ಆಮ್ಲದ ಕಣಗಳು ಕಾಲು ಭಾಗಕ್ಕಿಂತ ಜಾಸ್ತಿ ಆಗುತ್ತವೆ. 0.3 ಇಳಿದರೆ ಎರಡು ಪಟ್ಟು.

ಸಮುದ್ರ ಹುಳಿಯಾಗಿಬಿಟ್ಟಿದೆ ಅಂತ ಇದರ ಅರ್ಥ ಅಲ್ಲ. 8.1 ಅಂದರೂ ಕ್ಷಾರದ ಕಡೆಗೇ ಇದೆ. ಹುಳಿಯ ದಿಕ್ಕಿಗೆ ಸರಿಯುತ್ತಿದೆ, ಅಷ್ಟೇ. ಆ ಸರಿಯುವ ವೇಗ ಮಾತ್ರ ಭಯ ಹುಟ್ಟಿಸುವಂಥದ್ದು.

ಈಗ ಮುಲುಂಡಿಗೆ ಬನ್ನಿ. ಏಪ್ರಿಲ್ ಸೆಕೆಗೆ ಈ ಮನೆಯವರು ಐದೂ ಜನ ಹಾಲ್‌ನಲ್ಲೇ ಹಾಸಿಗೆ ಹಾಸುತ್ತಾರೆ. ಮನೆಗೆ ಇರುವುದು ಒಂದೇ ಎಸಿ, ಅದು ಅಲ್ಲೇ ಇದೆ. ಕಿಟಕಿ ಬಂದ್, ಬಾಗಿಲ ಸಂದಿಗೆ ಹಳೇ ಸೀರೆ. ಐದು ಜನ ಉಸಿರು ಬಿಡುವ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಬೆಳಗಾಗುವಷ್ಟರಲ್ಲಿ 1000 ಪಿಪಿಎಂ ಸುಲಭವಾಗಿ ದಾಟುತ್ತದೆ. ತೊಟ್ಟಿಯ ಏರ್ ಪಂಪ್ ಎಳೆಯುವುದು ಅದೇ ಗಾಳಿಯನ್ನು. ಎಸಿ ಹಾಕಿದ ರಾತ್ರಿಯ ಮರುದಿನ ಬೆಳಿಗ್ಗೆ ತೊಟ್ಟಿಯ ಪಿಎಚ್ 7.8. ಕಿಟಕಿ ತೆರೆದು ಫ್ಯಾನ್ ಹಾಕಿಕೊಂಡು ಕೋಣೆಗಳಲ್ಲಿ ಮಲಗಿದ ರಾತ್ರಿಯಾದರೆ 8.1. ಇಳಿದ ನೀರು ಸಂಜೆಯ ಹೊತ್ತಿಗೆ ತಾನಾಗಿಯೇ ಮೇಲೇರುತ್ತಿತ್ತು. ಹಗಲು ಬಾಗಿಲು ತೆಗೆದಿರುತ್ತದೆ, ತೊಟ್ಟಿಯ ಪಾಚಿಯೂ ಬೆಳಕಲ್ಲಿ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ.

1000 ಪಿಪಿಎಂ, 7.8. ಇಂಗಾಲ ಹೊರಬಿಡುವುದು ಹೀಗೇ ಏರುತ್ತಾ ಹೋದರೆ ಈ ಶತಮಾನದ ಕೊನೆಗೆ ಸಮುದ್ರ ಮುಟ್ಟಬಹುದು ಅಂತ ವಿಜ್ಞಾನಿಗಳು ಪ್ರಯೋಗಗಳಲ್ಲಿ ಇಟ್ಟುಕೊಳ್ಳುವ ಅಂಕಿ ಇದೇ. ಅಂದರೆ ಎಸಿ ಹಾಕಿದ ಪ್ರತಿ ರಾತ್ರಿ ಆ ಎರಡು ಮೀನು 2100ನೇ ಇಸವಿಗೆ ಹೋಗಿ ಬರುತ್ತಿದ್ದವು. ಇದನ್ನು ಕಂಡುಹಿಡಿದದ್ದು ನಾನಲ್ಲ, ಅವಳೇ. ಹದಿನೇಳರ ಹುಡುಗಿ, ಆನ್‌ಲೈನಲ್ಲಿ ತರಿಸಿದ ಒಂದು ಪಿಎಚ್ ಪೆನ್ನು. ನಾನು ಮಾಡಿದ್ದು ಇಷ್ಟೇ: ಕಾಲೇಜಿಂದ 7 ಮತ್ತು 9.2ರ ಬಫರ್ ದ್ರಾವಣ, ಅಂದರೆ ಪಿಎಚ್ ಇಷ್ಟೇ ಅಂತ ಮೊದಲೇ ಗೊತ್ತಿರುವ ನೀರು, ತಂದು ಪೆನ್ನನ್ನು ಸರಿ ಮಾಡಿಕೊಟ್ಟೆ. ಅದು 0.2 ಕಮ್ಮಿ ತೋರಿಸುತ್ತಿತ್ತು. ಮೇಲೆ ಕೊಟ್ಟಿರುವುದು ಸರಿ ಮಾಡಿದ ಮೇಲಿನ ಅಂಕಿ.

ಅವಳು ಓದಿದ್ದು

ಸಮುದ್ರದ ಆಮ್ಲೀಕರಣದ, ಅಂದರೆ ಹೀಗೆ ಸಮುದ್ರದ ಪಿಎಚ್ ಇಳಿಯುವುದರ ಮೇಲೆ ಬೇಸಿಗೆ ರಜೆಯ ಪ್ರಾಜೆಕ್ಟ್ ಮಾಡಬೇಕಿತ್ತು. ಲೈಬ್ರರಿಯಿಂದ ತಂದ ಹತ್ತು ವರ್ಷ ಹಳೇ ಪುಸ್ತಕದಲ್ಲಿ ಕ್ಲೌನ್ ಮೀನಿನ ಕಥೆ ಇತ್ತು. ಅದು ಆ ಕಾಲಕ್ಕೆ ಜಗತ್ತೆಲ್ಲ ಮಾತಾಡಿದ ಕಥೆ.

ಕ್ಲೌನ್ ಮೀನಿನ ಮರಿ ಮೊಟ್ಟೆಯೊಡೆದ ಮೇಲೆ ಹತ್ತು-ಹನ್ನೆರಡು ದಿನ ತೆರೆದ ನೀರಿನಲ್ಲಿ ತೇಲುತ್ತದೆ. ಆಮೇಲೆ ವಾಸನೆ ಹಿಡಿದು, ಸದ್ದು ಹಿಡಿದು ಹವಳದ ದಿಬ್ಬಕ್ಕೆ ಮರಳಿ ಮನೆ ಹುಡುಕಬೇಕು. 2009ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಮಂಡೇ ಮತ್ತು ಜೊತೆಗಾರರು ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿದ ನೀರಿನಲ್ಲಿ ಬೆಳೆಸಿದ ಮರಿಗಳು ಈ ವಾಸನೆ ಗುರುತಿಸುವ ಶಕ್ತಿ ಕಳೆದುಕೊಂಡವು ಅಂತ ಪ್ರಕಟಿಸಿದರು. ಮರುವರ್ಷ ಇನ್ನೂ ದೊಡ್ಡ ಸುದ್ದಿ ಬಂತು. ಅಂಥ ಮರಿಗಳು ತಮ್ಮನ್ನು ತಿನ್ನುವ ಮೀನಿನ ವಾಸನೆಯಿಂದ ಓಡುವುದಿಲ್ಲ, ಅದರ ಕಡೆಗೇ ಹೋಗುತ್ತವೆ! ಅಂಥ ನೀರಿನಲ್ಲಿ ಇಟ್ಟಿದ್ದ ಡ್ಯಾಮ್ಸೆಲ್ ಅನ್ನುವ ಇನ್ನೊಂದು ಮೀನಿನ ಮರಿಗಳನ್ನು ನಿಜವಾದ ದಿಬ್ಬದ ಮೇಲೆ ಬಿಟ್ಟಾಗ ಅವು ಬೇರೆ ಮೀನಿನ ಬಾಯಿಗೆ ಬೀಳುವುದು ಐದರಿಂದ ಒಂಬತ್ತು ಪಟ್ಟು ಜಾಸ್ತಿ ಅಂತ ಇನ್ನೊಂದು ವರದಿ. 2012ರಲ್ಲಿ ಕಾರಣವನ್ನೂ ಕೊಟ್ಟರು. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಾಗ ಮೀನು ರಕ್ತದ ಪಿಎಚ್ ಕಾಪಾಡಿಕೊಳ್ಳಲು ಬೈಕಾರ್ಬನೇಟ್ ಹಿಡಿದಿಡುತ್ತದೆ, ಕ್ಲೋರೈಡ್ ಬಿಟ್ಟುಕೊಡುತ್ತದೆ. ಮಿದುಳಿನಲ್ಲಿ ನರಗಳನ್ನು ಸುಮ್ಮನಿರಿಸುವ ಗಾಬಾ-ಎ ಅನ್ನುವ ಬಾಗಿಲು ಕೆಲಸ ಮಾಡುವುದೇ ಕ್ಲೋರೈಡಿನಿಂದ. ಆ ಲೆಕ್ಕ ತಪ್ಪಿದರೆ ಸುಮ್ಮನಿರಿಸಬೇಕಾದ ಬಾಗಿಲು ಕೆರಳಿಸುವ ಬಾಗಿಲಾಗುತ್ತದೆ. ಆ ಬಾಗಿಲು ಮುಚ್ಚುವ ಔಷಧಿ ಕೊಟ್ಟರೆ ಮೀನಿನ ನಡವಳಿಕೆ ಸರಿಹೋಯಿತು ಅಂತಲೂ ಬರೆದರು.

ಕೆಮಿಸ್ಟ್ರಿ ಮೇಷ್ಟ್ರಿಗೆ ಇಂಥ ವಿವರಣೆ ಸಿಕ್ಕರೆ ಕೇಳಬೇಕೇ. ಅಯಾನಿನಿಂದ ಹಿಡಿದು ಭಯದವರೆಗೆ ಒಂದೇ ಸರಪಳಿ. ನಾನು ಪೂರ್ತಿ ನಂಬಿದೆ.

ಅವಳು ನೋಡಿದ್ದು

ಅವಳ ಪ್ರಯೋಗ ಸರಳ. ಕಪ್ಪು ಕಾರ್ಡ್‌ಬೋರ್ಡಿನಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ ಕತ್ತರಿಸಿ ಕೋಲಿಗೆ ಕಟ್ಟಿದ್ದಳು. ಬೆಳಿಗ್ಗೆ ಏಳಕ್ಕೆ, ಊಟ ಹಾಕುವ ಮೊದಲು, ಅದರ ನೆರಳು ತೊಟ್ಟಿಯ ಮೇಲೆ ಹಾಯುವಂತೆ ಆಡಿಸುವುದು. ಮೀನು ಚಂಗನೆ ಮಡಕೆಗೆ ನುಗ್ಗುತ್ತದೆ. ಮತ್ತೆ ಹೊರಬರಲು ಎಷ್ಟು ಸೆಕೆಂಡ್? ಮೂರು ವಾರ, 21 ಬೆಳಿಗ್ಗೆ. ಕಿಟಕಿ ತೆರೆದ 7 ದಿನಗಳ ಸರಾಸರಿ 26 ಸೆಕೆಂಡ್. ಎಸಿಯ 14 ದಿನಗಳ ಸರಾಸರಿ 11.

ಆ ನೋಟ್‌ಬುಕ್ ನೋಡಿ ನನ್ನ ಮೈ ಜುಮ್ ಅಂದಿತು. ಪುಸ್ತಕದಲ್ಲಿ ಓದಿದ್ದು ಮೂರನೇ ಮಹಡಿಯಲ್ಲಿ ಕಾಣುತ್ತಿದೆ. ಅವಳ ಕಣ್ಣಲ್ಲಿ ಖುಷಿಯೂ ಇತ್ತು, ಅಳುವೂ ಇತ್ತು. "ನಾವು ಎಸಿ ಹಾಕೋದ್ರಿಂದ ಅವಕ್ಕೆ ಹೀಗಾಗ್ತಿದೆ ಅಲ್ವಾ ಸರ್" ಅಂತ ಕೇಳಿದಳು. ಅದೇ ವಾರ ಅವಳ ಮನೆಯಲ್ಲಿ ಎಸಿ ಬಂದ್ ಮಾಡುವ ಬಗ್ಗೆ ಜಗಳವೂ ಆಯಿತು.

ವರದಿ ಬರೆಯಲು ಹೊಸ ಉಲ್ಲೇಖ ಏನಾದರೂ ಬೇಕು ಅಂತ ಹುಡುಕಿದೆ. ಆಗ 2020ರ ಜನವರಿಯ ನೇಚರ್ ಪತ್ರಿಕೆಯ ಲೇಖನ ಕೈಗೆ ಸಿಕ್ಕಿತು. ಶೀರ್ಷಿಕೆಯೇ ತಲೆ ಮೇಲೆ ನೀರು ಸುರಿದ ಹಾಗಿತ್ತು. ಸಮುದ್ರದ ಆಮ್ಲೀಕರಣ ಹವಳ ದಿಬ್ಬದ ಮೀನುಗಳ ನಡವಳಿಕೆಯನ್ನು ಕೆಡಿಸುವುದಿಲ್ಲ ಅಂತ.

ತಿಮೋತಿ ಕ್ಲಾರ್ಕ್, ಫ್ರೆಡ್ರಿಕ್ ಯುಟ್‌ಫೆಲ್ಟ್, ಯೋಸೆಫಿನ್ ಸುಂಡಿನ್ ಮತ್ತು ಜೊತೆಗಾರರು ಮೂರು ವರ್ಷ, ಆಸ್ಟ್ರೇಲಿಯಾದ ಹವಳ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫಿನ ಆರು ಜಾತಿಯ 900ಕ್ಕೂ ಹೆಚ್ಚು ಮೀನುಗಳ ಮೇಲೆ ಹಳೇ ಪ್ರಯೋಗಗಳನ್ನು ಮತ್ತೆ ಮಾಡಿದ್ದರು. ತಿನ್ನುವ ಮೀನಿನ ವಾಸನೆಗೆ ಹೆದರುವುದು, ಓಡಾಟ, ಎಡ-ಬಲ ತಿರುಗುವ ರೂಢಿ, ಎಲ್ಲವನ್ನೂ ಅಳೆದರು. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇನ್ನೊಂದು ಮಾತನ್ನೂ ಅವರು ಎತ್ತಿದರು. ಹಳೇ ವರದಿಗಳಲ್ಲಿ ಮೀನುಗಳ ನಡವಳಿಕೆ ಒಂದಕ್ಕೊಂದು ಎಷ್ಟು ಹತ್ತಿರ ಇತ್ತು ಅಂದರೆ, ಜೀವ ಇರುವ ಪ್ರಾಣಿಗಳಲ್ಲಿ ಅಷ್ಟು ಒಂದೇ ಥರ ಅಂಕಿ ಬರುವುದು ಲೆಕ್ಕಕ್ಕೆ ಸಿಗದಷ್ಟು ಅಪರೂಪ.

ಮಂಡೇಯವರ ಕಡೆಯವರು ಅದೇ ವರ್ಷ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ನೀವು ಮಾಡಿದ ವಿಧಾನ ಬೇರೆ, ಮೀನಿನ ವಯಸ್ಸು ಬೇರೆ, ಹಾಗಾಗಿ ಇದು ಮರುಪ್ರಯೋಗವೇ ಅಲ್ಲ ಅಂದರು. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ 2022ರಲ್ಲಿ ಬಂದ ಇನ್ನೊಂದು ಲೇಖನ ನನ್ನ ಮಟ್ಟಿಗೆ ತಕ್ಕಡಿಯನ್ನು ವಾಲಿಸಿತು. ಜೆಫ್ ಕ್ಲೆಮೆಂಟ್ಸ್ ಮತ್ತು ಜೊತೆಗಾರರು ಈ ವಿಷಯದ 91 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2009-10ರ ಸುಮಾರಿನ ವರದಿಗಳಲ್ಲಿ ಪರಿಣಾಮ ಬೆಟ್ಟದಷ್ಟು. ವರ್ಷ ಕಳೆದಂತೆ ಸಣ್ಣದಾಗುತ್ತಾ ಬಂದು ದಶಕದ ಕೊನೆಗೆ ಹೆಚ್ಚುಕಮ್ಮಿ ಸೊನ್ನೆ. ದೊಡ್ಡ ಪರಿಣಾಮ ಕಂಡ ಅಧ್ಯಯನಗಳಲ್ಲಿ ಮೀನುಗಳ ಸಂಖ್ಯೆ ಕಡಿಮೆ ಇತ್ತು. ಅವೇ ದೊಡ್ಡ ಪತ್ರಿಕೆಗಳಲ್ಲಿ ಬಂದಿದ್ದವು. ಅವನ್ನೇ ಜನ ಜಾಸ್ತಿ ಉಲ್ಲೇಖಿಸಿದ್ದರು.

ಅದೇ ವರ್ಷ ಮರಿಮೀನು ಮತ್ತು ಮರಿಹವಳ ವಾಸನೆಯಿಂದ ದಿಬ್ಬ ಆರಿಸುವುದರ ಬಗ್ಗೆ 2014ರಲ್ಲಿ ಬಂದಿದ್ದ ಒಂದು ಪ್ರಬಂಧವನ್ನು ಸೈನ್ಸ್ ಪತ್ರಿಕೆ ಹಿಂತೆಗೆದುಕೊಂಡಿತು. ವಿಶ್ವವಿದ್ಯಾಲಯವೊಂದರ ತನಿಖೆಯ ನಂತರ ಆದದ್ದು. ಅದು ಆಮ್ಲೀಕರಣದ ಪ್ರಬಂಧ ಅಲ್ಲ, ಆದರೆ ವಾಸನೆಯ ಪರೀಕ್ಷೆ ಅದೇ ರೀತಿಯದು. ಎರಡು ನೀರಿನ ಹರಿವು ಪಕ್ಕಪಕ್ಕ ಬಿಡುವುದು, ಮೀನು ಯಾವ ಕಡೆ ಇದೆ ಅಂತ ಐದು ಸೆಕೆಂಡಿಗೊಮ್ಮೆ ಕಣ್ಣಿಂದ ನೋಡಿ ಬರೆದುಕೊಳ್ಳುವುದು.

ಕಣ್ಣಿಂದ ನೋಡಿ ಬರೆದುಕೊಳ್ಳುವುದು. ಆ ಸಾಲಿಗೆ ಬಂದಾಗ ನನಗೆ ಮೂರನೇ ಮಹಡಿಯ ಸ್ಟಾಪ್‌ವಾಚ್ ನೆನಪಾಯಿತು.

ಬಿಳಿ ಪಟ್ಟಿ

ಮರುದಿನ ಅವಳನ್ನು ಕೇಳಿದೆ: "ಹೊರಗೆ ಬಂತು ಅಂದರೆ ಏನು?"

ಅವಳಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ಅದೃಷ್ಟಕ್ಕೆ ಗೆಳತಿಯರಿಗೆ ಕಳಿಸಲು ಅಂತ 9 ದಿನ ಮೊಬೈಲಲ್ಲಿ ವಿಡಿಯೋ ತೆಗೆದಿದ್ದಳು. ಇಬ್ಬರೂ ಕೂತು ನೋಡಿದೆವು.

ಏಪ್ರಿಲ್ 19ರ ವಿಡಿಯೋ, ಎಸಿಯ ಮರುದಿನ. ನೆರಳು ಹಾಯುತ್ತದೆ. ಎರಡೂ ಮೀನು ಒಳಗೆ. ಒಂಬತ್ತನೇ ಸೆಕೆಂಡಿಗೆ ಮಡಕೆಯ ಬಾಯಿಯ ಕತ್ತಲಲ್ಲಿ ಒಂದು ಕಿತ್ತಳೆ ಮೂತಿ ಕಾಣುತ್ತದೆ. ಅಲ್ಲೇ ನಿಲ್ಲುತ್ತದೆ. ಪಕ್ಕದ ಎರಡು ರೆಕ್ಕೆ ಬಡಿಯುತ್ತಿವೆ, ಮೈ ಮುಂದೆ ಬರುತ್ತಿಲ್ಲ. ಕಣ್ಣು ಹೊರಳುತ್ತದೆ. ಹತ್ತು, ಹನ್ನೊಂದು, ಹನ್ನೆರಡು. ಕಣ್ಣಿನ ಹಿಂದಿರುವ ಮೊದಲ ಬಿಳಿ ಪಟ್ಟಿ ಇನ್ನೂ ಒಳಗೇ ಇದೆ. ಹದಿನೆಂಟನೇ ಸೆಕೆಂಡಿಗೆ ಆ ಪಟ್ಟಿ ಮಡಕೆಯ ಅಂಚು ದಾಟುತ್ತದೆ, ಇಪ್ಪತ್ತಕ್ಕೆ ಮೀನು ಪೂರ್ತಿ ಹೊರಗೆ. ನೋಟ್‌ಬುಕ್‌ನಲ್ಲಿ ಆ ದಿನ ಬರೆದಿದ್ದು 9.

ಏಪ್ರಿಲ್ 5ರ ವಿಡಿಯೋ, ಕಿಟಕಿ ತೆರೆದ ದಿನ. ಮೂತಿ ಕಾಣಿಸಿದ್ದು ಹದಿಮೂರಕ್ಕೆ, ಪಟ್ಟಿ ದಾಟಿದ್ದು ಇಪ್ಪತ್ತೆರಡಕ್ಕೆ, ಪೂರ್ತಿ ಹೊರಬಂದದ್ದು ಇಪ್ಪತ್ತೇಳಕ್ಕೆ. ನೋಟ್‌ಬುಕ್‌ನಲ್ಲಿ 27.

ಅವಳು ಸುಳ್ಳು ಬರೆದಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಎರಡು ದಿನವೂ ಅವಳಿಗೆ ಮೀನು "ಹೊರಗೆ ಬಂದದ್ದು" ಕಂಡಿತ್ತು. ಭಯ ಹೋಗಿದೆ ಅಂತ ಕಾಯುತ್ತಿದ್ದ ದಿನ ಮೂತಿ ಕಂಡರೇ ಸಾಕಾಯಿತು. ಭಯ ಇದೆ ಅಂತ ಗೊತ್ತಿದ್ದ ದಿನ ಬಾಲದ ತನಕ ಕಾದಳು. ವಿಡಿಯೋ ಮುಗಿದ ಮೇಲೆ ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ನಾನೂ ಆ ಸ್ಟಾಪ್‌ವಾಚ್ ಹಿಡಿದಿದ್ದರೆ ಹಾಗೇ ಒತ್ತುತ್ತಿದ್ದೆ. ನಾನೂ ಅದನ್ನೇ ನೋಡಬೇಕು ಅಂತ ಕಾಯುತ್ತಿದ್ದೆನಲ್ಲ.

ಆಮೇಲೆ ನಿಯಮ ಮಾಡಿದೆವು. ದೊಡ್ಡ ಮೀನು, ಅಂದರೆ ಹೆಣ್ಣು, ಅದೊಂದನ್ನೇ ನೋಡುವುದು. ಮೊದಲ ಬಿಳಿ ಪಟ್ಟಿ ಮಡಕೆಯ ಅಂಚು ದಾಟಿದ ಕ್ಷಣವೇ ಲೆಕ್ಕ. 9 ವಿಡಿಯೋಗಳಿಗೆ ಅಮ್ಮ ಬೇರೆ ಬೇರೆ ಅಕ್ಷರದ ಹೆಸರಿಟ್ಟು, ಸದ್ದು ತೆಗೆದು, ತಮ್ಮನಿಗೆ ಕೊಟ್ಟರು. ಅವನಿಗೆ ಯಾವುದು ಯಾವ ದಿನದ್ದು ಅಂತ ಗೊತ್ತಿಲ್ಲ. ಅವನ ಲೆಕ್ಕ: ಕಿಟಕಿ ತೆರೆದ ದಿನ 22, ಎಸಿ ದಿನ 17. ಹದಿನೈದು ಸೆಕೆಂಡಿನ ಅಂತರ ಐದಕ್ಕೆ ಇಳಿಯಿತು.

ಐದು ಉಳಿಯಿತಲ್ಲ, ಅದು ಎಲ್ಲಿಂದ ಬಂತು?

ಬಿಡಿಸಿಕೊಳ್ಳದ ಗಂಟುಗಳು

ಇಲ್ಲಿ ನಾವು ಜಾಸ್ತಿ ದಿನ ಕಳೆದೆವು, ಅದಕ್ಕೆ ನನಗೆ ಬೇಸರವಿಲ್ಲ. ಕ್ಯಾಲೆಂಡರ್ ಹರಡಿಕೊಂಡು ಕೂತಾಗ ಮೊದಲು ಕಂಡದ್ದು ಇದು: ಕಿಟಕಿ ತೆರೆದ 7 ದಿನಗಳಲ್ಲಿ 5 ಮೊದಲ ವಾರದಲ್ಲೇ ಬಂದಿದ್ದವು. ಸೆಕೆ ಏರಿದಂತೆ ಎಸಿ ದಿನಗಳು ಜಾಸ್ತಿಯಾದವು. ಅಷ್ಟರಲ್ಲಿ ಮೀನಿಗೆ ಕಾರ್ಡ್‌ಬೋರ್ಡ್ ಹಕ್ಕಿ ಏನೂ ಮಾಡುವುದಿಲ್ಲ ಅಂತ ಗೊತ್ತಾಗಿರಲೂ ಸಾಕು. ಮೀನು ಕಲಿತದ್ದನ್ನು ನಾವು ನೀರಿನ ತಲೆಗೆ ಕಟ್ಟಿರಬಹುದು.

ಎರಡನೆಯದು ಬೆಳಕು. ಎಸಿ ದಿನ ಪರದೆ ಎಳೆದಿರುತ್ತದೆ, ಬೇರೆ ದಿನ ತೆರೆದಿರುತ್ತದೆ.

ಮೂರನೆಯದೇ ಕಷ್ಟದ್ದು. ನಮ್ಮ ಲೆಕ್ಕದಲ್ಲಿ ಪಿಎಚ್ ಮತ್ತು ಎಸಿ ಒಂದಕ್ಕೊಂದು ಅಂಟಿಕೊಂಡಿದ್ದವು. ಎಸಿ ಇದ್ದಾಗ ಪಿಎಚ್ ಇಳಿಯುತ್ತದೆ, ಸರಿ. ಆದರೆ ಎಸಿ ಇದ್ದಾಗ ಬದಲಾಗುವುದು ಪಿಎಚ್ ಒಂದೇ ಅಲ್ಲ. ಇವೆರಡನ್ನು ಬೇರೆ ಮಾಡುವುದು ಹೇಗೆ?

ಉಪಾಯ ಸಿಕ್ಕಿದ್ದು ಉಪ್ಪುನೀರಿನ ತೊಟ್ಟಿ ಸಾಕುವವರಿಂದ. ಏರ್ ಪಂಪಿಗೆ ಉದ್ದದ ಪ್ಲಾಸ್ಟಿಕ್ ನಳಿಗೆ ಹಾಕಿ ಅದರ ತುದಿಯನ್ನು ಕಿಟಕಿಯ ಹೊರಗೆ ಬಿಡುವುದು. ಕೋಣೆ ಮುಚ್ಚಿದ್ದರೂ ತೊಟ್ಟಿ ಹೊರಗಿನ ಗಾಳಿ ಉಸಿರಾಡುತ್ತದೆ. ಎಸಿ ಹಾಕಿ ನಳಿಗೆ ಹೊರಗೆ ಬಿಟ್ಟ ಮೊದಲ ರಾತ್ರಿಯೇ ಪಿಎಚ್ 8.1ರ ಆಸುಪಾಸಿನಲ್ಲಿ ನಿಂತಿತು. ಅಷ್ಟು ಅಗ್ಗದ ನಳಿಗೆ ಅಷ್ಟು ಕೆಲಸ ಮಾಡಿದ್ದು ನೋಡಿ ಅವಳ ಅಪ್ಪ ಎಲ್ಲರಿಗಿಂತ ಖುಷಿಪಟ್ಟರು. ಎಸಿಯ ಜಗಳ ಅಲ್ಲಿಗೆ ಮುಗಿಯಿತು.

ಮೇ ತಿಂಗಳಲ್ಲಿ 24 ಬೆಳಿಗ್ಗೆ ಮತ್ತೆ ಪ್ರಯೋಗ. ಮೂರು ಥರದ ರಾತ್ರಿ, ಒಂದೊಂದು 8 ಸಲ: ಎಸಿ ಹಾಕಿ ಒಳಗಿನ ಗಾಳಿ, ಎಸಿ ಹಾಕಿ ಹೊರಗಿನ ಗಾಳಿ, ಕಿಟಕಿ ತೆರೆದದ್ದು. ಯಾವ ರಾತ್ರಿ ಯಾವುದು ಅಂತ ಅಮ್ಮ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತುತ್ತಿದ್ದರು. ಪರದೆ ದಿನವೂ ಎಳೆದೇ ಇರಬೇಕು. ಮೊಬೈಲ್ ಸ್ಟ್ಯಾಂಡಿನ ಮೇಲೆ, ತೊಟ್ಟಿ ಬಿಟ್ಟು ಬೇರೇನೂ ಕಾಣಬಾರದು. ಲೆಕ್ಕ ತಮ್ಮನದು, ಹೆಸರು ಬದಲಿಸಿದ ವಿಡಿಯೋ ನೋಡಿ. ಮೇ ತಿಂಗಳ ಮುಂಬಯಿ ಸೆಕೆಯಲ್ಲಿ ಚೀಟಿಯಲ್ಲಿ "ಕಿಟಕಿ" ಬಂದ ರಾತ್ರಿ ಆ ಮನೆಯವರು ಗೊಣಗದೆ ಬೆವರಿದರಲ್ಲ, ಅದಕ್ಕೆ ನಾನು ಅವರಿಗೆ ಎಷ್ಟು ಕೃತಜ್ಞ ಅಂತ ಇಲ್ಲಿಯೇ ಹೇಳಿಬಿಡುತ್ತೇನೆ.

ಬಂದ ಲೆಕ್ಕ ಹೀಗೆ. ಎಸಿ, ಒಳಗಿನ ಗಾಳಿ, ಪಿಎಚ್ 7.8: ಸರಾಸರಿ 12 ಸೆಕೆಂಡ್. ಎಸಿ, ಹೊರಗಿನ ಗಾಳಿ, ಪಿಎಚ್ 8.1: ಅದೂ 12. ಕಿಟಕಿ ತೆರೆದದ್ದು, ಪಿಎಚ್ 8.1: 17.

ನೀರು ಬದಲಾದರೂ ಮೀನು ಬದಲಾಗಲಿಲ್ಲ. ಕೋಣೆ ಬದಲಾದಾಗ ಬದಲಾಯಿತು.

ಕೋಣೆಯಲ್ಲಿ ಏನು ಬದಲಾಗುತ್ತಿತ್ತು ಅಂತ ತಿಳಿಯಲು ನಾನು ಒಂದು ದಿನ ಬೆಳಗಿನ ಐದೂಕಾಲಿಗೆ ಅವರ ಮನೆಗೆ ಹೋದೆ. ಎಸಿಯ ರಾತ್ರಿ ಕಳೆದ ಬೆಳಿಗ್ಗೆ. ಎಲ್ಲರೂ ಹಾಲ್‌ನಲ್ಲಿ ಮಲಗಿದ್ದಾರೆ. ಅಜ್ಜಿ ಮಾತ್ರ ಎದ್ದು, ಕಾಫಿ ಲೋಟ ಹಿಡಿದು, ತೊಟ್ಟಿಯ ಎದುರು ಮಣೆ ಹಾಕಿಕೊಂಡು ಕೂತಿದ್ದಾರೆ. ಕತ್ತಲಲ್ಲಿ ಎರಡೂ ಮೀನು ಗಾಜಿನ ಹತ್ತಿರ ಬಂದು ಅಜ್ಜಿಯ ಮುಂದೆ ಮೇಲೆ ಕೆಳಗೆ ಆಡುತ್ತಿವೆ. ಅಜ್ಜಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅದ್ಕೆ ಹಸು ಆಯ್ತ್, ಕಾಣ್." ಅದಕ್ಕೆ ಹಸಿವಾಗಿದೆ, ನೋಡು ಅಂತ. ಸಂಜೆ ಮೀನಿಗೆ ಊಟ ಹಾಕುವವರು ಅವರೇ. ಕಿಟಕಿ ತೆರೆದ ರಾತ್ರಿಗಳಲ್ಲಿ ಅವರು ಒಳಕೋಣೆಯಲ್ಲಿ ಮಲಗುತ್ತಾರೆ, ಕಾಫಿಯನ್ನು ಅಡುಗೆಮನೆಯಲ್ಲೇ ಕುಡಿಯುತ್ತಾರೆ. ಆ ದಿನ ಏಳು ಗಂಟೆಯ ತನಕ ಹಾಲ್‌ನಲ್ಲಿ ಯಾರೂ ಇರುವುದಿಲ್ಲ.

ಕಿಟಕಿ ತೆರೆದ ಮೂರು ದಿನ ಅಜ್ಜಿಯನ್ನು ಬೇಡಿಕೊಂಡು ಹಾಲ್‌ನಲ್ಲಿ ಕೂರಿಸಿದೆವು. ಮೂರು ದಿನವೂ ಸಮಯ 12ರ ಆಸುಪಾಸಿಗೆ ಇಳಿಯಿತು. ಮೂರೇ ದಿನ, ಹಾಗಾಗಿ ಇದನ್ನು ಸಾಕ್ಷಿ ಅನ್ನುವುದಿಲ್ಲ. ಆದರೆ ನನ್ನ ಅಂದಾಜು ಇದೇ: ಮೀನು ಭಯ ಕಳೆದುಕೊಂಡಿರಲಿಲ್ಲ. ಊಟ ಹಾಕುವ ಮನುಷ್ಯರು ಎದುರಿಗಿದ್ದಾಗ ಹಸಿವು ಭಯಕ್ಕಿಂತ ಮುಂದೆ ಬರುತ್ತಿತ್ತು.

ಇದರಿಂದ ಏನು ಹೇಳಬಹುದು, ಏನು ಹೇಳಬಾರದು

ಒಂದು ತೊಟ್ಟಿ, ಒಂದು ಹೆಣ್ಣು ಮೀನು. ಸಮುದ್ರದ ಬಗ್ಗೆ ಇದು ಏನೂ ಹೇಳುವುದಿಲ್ಲ. ವಿಜ್ಞಾನಿಗಳು ಮರಿಗಳನ್ನು ದಿನಗಟ್ಟಲೆ ಅದೇ ನೀರಿನಲ್ಲಿ ಇಟ್ಟು ನೋಡಿದ್ದರು. ನಮ್ಮದು ಬೆಳೆದ ಮೀನು, ರಾತ್ರಿ ಇಳಿದು ಹಗಲು ಏರುವ ನೀರು. ಕ್ಲಾರ್ಕ್ ಸರಿ, ಮಂಡೇ ತಪ್ಪು ಅಂತ ಮುಲುಂಡಿನಲ್ಲಿ ತೀರ್ಪು ಕೊಡಲು ಆಗುವುದಿಲ್ಲ. ಆ ತೀರ್ಪಿಗೆ 900 ಮೀನು, 91 ಅಧ್ಯಯನ ಬೇಕಾಯಿತು.

ನನ್ನನ್ನು ಕಾಡಿದ್ದು ಬೇರೆ. ಹುಡುಗಿ ಒಂದು ಸಂಜೆ ಕೇಳಿದಳು: "ಮೀನಿಗೆ ಏನೂ ಆಗಲ್ಲ ಅಂತ ನಾವು ಹೇಳಿದ್ರೆ, ಆಮ್ಲೀಕರಣವೇ ಸುಳ್ಳು ಅಂತ ಜನ ಅಂದ್ಕೋತಾರೆ ಅಲ್ವಾ ಸರ್?" ಸಮುದ್ರದ ಮೇಲೆ ಪ್ರೀತಿ ಇರುವವರಿಗೆಲ್ಲ ಬರುವ ಭಯ ಇದು. ಇದೇ ಭಯದಿಂದ ಎಷ್ಟೋ ಜನ ಬಾಯಿ ಬಿಡದೆ ಕೂತಿರಬಹುದು. 2020ರ ಲೇಖನ ಬರೆದವರೂ ಆಮ್ಲೀಕರಣದಿಂದ ತೊಂದರೆಯಿಲ್ಲ ಅಂತ ಹೇಳಿಲ್ಲ. ಮೀನಿನ ನಡವಳಿಕೆಯ ಒಂದು ಆರೋಪ ನಿಲ್ಲಲಿಲ್ಲ, ಅಷ್ಟೇ.

ಹವಳದ ಮೇಲಿನ ಲೆಕ್ಕ ಹಾಗೇ ನಿಂತಿದೆ. ಹವಳ ತನ್ನ ಎಲುಬು ಕಟ್ಟುವುದು ನೀರಿನ ಕಾರ್ಬನೇಟಿನಿಂದ. ಕಾರ್ಬನ್ ಡೈಆಕ್ಸೈಡ್ ಏರಿದರೆ ಕಾರ್ಬನೇಟ್ ಕಮ್ಮಿಯಾಗುತ್ತದೆ. ಪಪುವಾ ನ್ಯೂಗಿನಿಯಲ್ಲಿ ಸಮುದ್ರದ ತಳದಿಂದ ಈ ಅನಿಲ ತಾನಾಗಿಯೇ ಗುಳ್ಳೆಗುಳ್ಳೆಯಾಗಿ ಏಳುವ ದಿಬ್ಬಗಳಿವೆ. ಅಲ್ಲಿ ಗುಳ್ಳೆಯ ಹತ್ತಿರ ಹೋದಂತೆ ಕೊಂಬೆಕೊಂಬೆಯ ಹವಳಗಳು ಕಮ್ಮಿಯಾಗಿ, ಗುಂಡುಕಲ್ಲಿನಂಥ ಹವಳವೇ ಉಳಿದಿದೆ. ಮೀನಿನ ಮರಿ ಅಡಗುವುದು ಕೊಂಬೆಗಳ ಸಂದಿಯಲ್ಲಿ. ಮೀನಿಗೆ ಭಯ ಎಷ್ಟಿದ್ದರೂ ಓಡಿ ಹೋಗಿ ಅಡಗಲು ಜಾಗ ಬೇಕಲ್ಲ. ಬಿಸಿಯ ಪೆಟ್ಟು ಇದರ ಮೇಲೆ ಬೇರೆ.

ಹವಳ ದೂರದ ವಿಷಯ ಅಂತ ಮುಂಬಯಿಯವರು ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಾಜಿ ಅಲಿ, ವರ್ಲಿಯ ಬಂಡೆಗಳ ಮೇಲೆ ಹವಳ ಇದೆ. ಕರಾವಳಿ ರಸ್ತೆಯ ಕೆಲಸಕ್ಕೆ ಅಡ್ಡ ಬಂದ ಹವಳದ ಗುಂಪುಗಳನ್ನು 2020ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಜ್ಞರ ನೆರವಿನಿಂದ ಬೇರೆ ಕಡೆಗೆ ಸಾಗಿಸಿದರು. ಅಷ್ಟು ಕೊಳೆನೀರಿನ ನಡುವೆಯೂ ಬದುಕಿದ ಹವಳ ಅದು.

ಆಮೇಲೆ

ಪ್ರಾಜೆಕ್ಟ್ ವರದಿಯಲ್ಲಿ ಅವಳು ಎಲ್ಲವನ್ನೂ ಬರೆದಳು. ಮೊದಲ ಲೆಕ್ಕ, ಅದು ಹೇಗೆ ತಪ್ಪಾಯಿತು, ಎರಡನೇ ಲೆಕ್ಕ. ಬಿಳಿ ಪಟ್ಟಿಯ ಎರಡು ಚಿತ್ರ ಪಕ್ಕಪಕ್ಕ ಅಂಟಿಸಿದ್ದಳು. ನೋಡಿದ ಪರೀಕ್ಷಕರೊಬ್ಬರು "ಹಾಗಾದರೆ ನೀನು ಏನೂ ಕಂಡುಹಿಡಿದಿಲ್ಲ" ಅಂದರಂತೆ. ನನಗೆ ಅವತ್ತು ಬಹಳ ನೋವಾಯಿತು. ಈಗಲೂ ಇದೆ. 26 ಮತ್ತು 11 ಅನ್ನುವ ಮೊದಲ ಎರಡು ಅಂಕಿ ಮಾತ್ರ ತೋರಿಸಿದ್ದರೆ ಬಹುಮಾನ ಬರುತ್ತಿತ್ತು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ಮಳೆ ಶುರುವಾದ ಮೇಲೆ ನಳಿಗೆಯ ತುದಿಗೆ ನೀರು ನುಗ್ಗದಂತೆ ಅವಳ ಅಪ್ಪ ಅರ್ಧ ಬಾಟಲಿಯ ಟೋಪಿ ಹಾಕಿದರು. ಅವಳು ಈಗ ಬೇರೆ ಪ್ರಯೋಗಕ್ಕೆ ಕೈಹಾಕಿದ್ದಾಳೆ. ತೊಟ್ಟಿಯ ಗಾಜಿನ ಮೇಲೆ ಗುಲಾಬಿ ಬಣ್ಣದ ಮಚ್ಚೆಗಳು ಬೆಳೆಯುತ್ತವೆ. ಸುಣ್ಣ ಕಟ್ಟುವ ಒಂದು ಜಾತಿಯ ಪಾಚಿ ಅದು, ಹವಳ ದಿಬ್ಬಗಳನ್ನು ಗಾರೆಯ ಹಾಗೆ ಹಿಡಿದಿಡುವ ಪಾಚಿಯೂ ಇದೇ ಬಳಗದ್ದು. ನಳಿಗೆ ಒಂದು ತಿಂಗಳು ಒಳಗೆ, ಒಂದು ತಿಂಗಳು ಹೊರಗೆ. ತಿಂಗಳ ಕೊನೆಗೆ ಬಟರ್ ಪೇಪರ್ ಗಾಜಿಗೆ ಒತ್ತಿ ಮಚ್ಚೆಗಳ ಅಂಚನ್ನು ಪೆನ್ಸಿಲಿನಲ್ಲಿ ಎಳೆದುಕೊಳ್ಳುತ್ತಾಳೆ. ಆಮೇಲೆ ಅದನ್ನು ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸಬೇಕು. ಕಾಗದದ ಮೇಲೆ ಒಂದು ಅಕ್ಷರ ಬಿಟ್ಟು ಬೇರೇನೂ ಇಲ್ಲ. ನಳಿಗೆ ಯಾವ ತಿಂಗಳು ಎಲ್ಲಿತ್ತು ಅಂತ ಬರೆದ ಪುಸ್ತಕ ತಮ್ಮನ ಹತ್ತಿರ ಇದೆ. ಚೌಕ ಎಣಿಸುವುದಕ್ಕೆ ಅವಳು ಕಾಗದವನ್ನು ನನ್ನ ಹತ್ತಿರ ಕಳಿಸುತ್ತಾಳೆ.